ಅಡ್ಡಿಗಳ ಮೇಷ್ಟ್ರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲ ಆಕ್ಷೇಪ ಅವರದೇ ಬರುತ್ತಿತ್ತು. ಎರಡನೆಯ ಆಕ್ಷೇಪ, ಯಾಕೆ ಬರೆಯಲಿಲ್ಲ ಎಂದು. ನಾವು ಕನ್ನಡದವರು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಆ ಮಾತಿನ ಅರ್ಥ ಬಿಡಿಸಿ ಹೇಳಿದ ದಿನ ಅವರು, "ಸ್ವೀಡನ್ನಿನಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ. ರಿಟೈರ್ ಆದ ಇತಿಹಾಸದ ಮಾಸ್ತರನಿಗೆ ನೀವು ಬಿರುದು ಕೊಡುವುದೇ?" ಎಂದು ಸಿಡುಕಿದರು. ಆಮೇಲೆ ನಮ್ಮಲ್ಲಿ ಯಾರಾದರೂ ಮರೆತು ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಸ್ವೀಡನ್ನಿನ ಸುಂಡ್‌ಬೀಬರ್ಯ್ ಎಂಬ ಊರಿನ ಬಾಡಿಗೆ ಕಟ್ಟಡದಲ್ಲಿ ಅವರದು ಮೊದಲ ಮಹಡಿ, ನಮ್ಮದು ಮೂರನೆಯದು. ಎರಡು ವರ್ಷ ಮೆಟ್ಟಿಲ ಮೇಲೆ ಎದುರಾದಾಗೆಲ್ಲ ನಾವು ಇಲ್ಲಿಯ ನಮಸ್ಕಾರವಾದ "ಹೇ" ಎಂದರೆ ಅವರೂ "ಹೇ" ಎಂದು ಹೋಗುತ್ತಿದ್ದರು. ಈ ದೇಶದಲ್ಲಿ ಅದೇ ಗಾಢ ಸ್ನೇಹ. ನಿಜವಾದ ಪರಿಚಯವಾದದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಇಡೀ ಕಟ್ಟಡಕ್ಕೆ ಅದೊಂದೇ ಕೋಣೆ. ಮೊದಲೇ ಹೊತ್ತು ಗುರುತು ಹಾಕಿಟ್ಟುಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಜಾಗ ಖಾಲಿ ಮಾಡಬೇಕು, ಇನ್ನೊಬ್ಬರ ಬಟ್ಟೆ ಮುಟ್ಟಕೂಡದು. ನಮ್ಮಜ್ಜಿ ಬದುಕಿದ್ದು ಇಲ್ಲಿಗೆ ಬಂದಿದ್ದರೆ, ಮಡಿ ಅಂದರೆ ಇದಪ್ಪ ಎಂದು ಒಪ್ಪಿಕೊಳ್ಳುತ್ತಿದ್ದಳು.

ಅವತ್ತು ನನ್ನ ಸರದಿ. ಒಣಗಿಸುವ ಯಂತ್ರ ತೆಗೆದರೆ ಒಳಗೆ ಯಾರದೋ ಅಂಗಿಗಳು ಮುದ್ದೆಯಾಗಿ ಬಿದ್ದಿವೆ. ನಾನು ದಾವಣಗೆರೆಯವಳು. ಒಣಗಿದ ಬಟ್ಟೆ ಮುದುಡಿ ಬಿದ್ದಿದ್ದನ್ನು ಕಂಡರೆ ಅದು ಯಾರದು ಎಂದು ತಲೆ ಕೇಳುವುದರೊಳಗೆ ಕೈ ಮಡಿಚಿ ಮುಗಿಸಿರುತ್ತದೆ. ಅಂಗಿ, ಪ್ಯಾಂಟು, ಬನಿಯನ್ನು, ಹೇಳಬಾರದ್ದು, ಎಲ್ಲವನ್ನೂ ನೀಟಾಗಿ ಮಡಿಚಿ ಮೇಜಿನ ಮೇಲೆ ಜೋಡಿಸಿಟ್ಟೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ಆ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲು ಹಿಡಿದುಕೊಂಡರು.

"ಇದನ್ನು ಯಾರು ಮಾಡಿದ್ದು?" ನಮ್ಮ ಜೊತೆ ಅವರ ಮಾತೆಲ್ಲ ಇಂಗ್ಲಿಷಿನಲ್ಲಿ.

"ನಾನೇ. ಸುಕ್ಕಾಗುತ್ತೆ ಅಂತ..."

"ಈ ಕಟ್ಟಡದಲ್ಲಿ ಜನ ನನ್ನ ಬಟ್ಟೆಯನ್ನು ನೆಲಕ್ಕೆ ಎಸೆದಿದ್ದಾರೆ. ಬಾಗಿಲಿಗೆ ಬೈಗುಳದ ಚೀಟಿ ಅಂಟಿಸಿದ್ದಾರೆ. ಅದಕ್ಕೆಲ್ಲ ಹೇಗೆ ಉತ್ತರ ಕೊಡಬೇಕು ಎಂದು ನನಗೆ ಗೊತ್ತು. ಇದಕ್ಕೆ ಏನು ಉತ್ತರ ಕೊಡಬೇಕು?" ಎಂದು ನಿಜವಾಗಿಯೂ ಕಂಗಾಲಾಗಿ ಕೇಳಿದರು. ಆಮೇಲೆ, "ಮಂಗಳವಾರ ಸಂಜೆ ನಿಮಗೆ ಬಿಡುವಿದೆಯೇ?" ಎಂದರು.

ನಾನು ಬೆಚ್ಚಿದೆ. ಅವರು ಕರೆದದ್ದು ಪಾಠಕ್ಕೆ.

ಇಲ್ಲಿಯ ಜನಕ್ಕೆ ಏನಾದರೊಂದು ಖಯಾಲಿ ಹತ್ತಿದರೆ ಸಾಕು, ನಾಲ್ಕಾರು ಜನ ಸೇರಿ ಅಧ್ಯಯನ ಕೂಟ ಕಟ್ಟಿಕೊಳ್ಳುತ್ತಾರೆ. ಹಕ್ಕಿ ಗುರುತಿಸಲು ಒಂದು, ಸ್ವೆಟರ್ ಹೆಣೆಯಲು ಒಂದು. ನಡುವೆ ಫಿಕಾ, ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಹರಟೆ. ಮೇಷ್ಟ್ರ ಕೂಟ ನಮ್ಮ ಕಟ್ಟಡದ ಕೆಳಗಿನ ಸಭಾಕೊಠಡಿಯಲ್ಲಿ ಸೇರುತ್ತಿತ್ತು. ಅದರ ವಿಷಯ: ಯಹೂದಿಗಳು ತಮ್ಮದೇ ಸ್ವತಂತ್ರ ರಾಷ್ಟ್ರ ಕಟ್ಟಿಕೊಳ್ಳಲು ಎದುರಾದ ಅಡ್ಡಿಗಳು. ಮೇಷ್ಟ್ರು ಸ್ವತಃ ಯಹೂದಿ. "ಗಮನಿಸಿ, ವಿಷಯ ರಾಷ್ಟ್ರ ಅಲ್ಲ, ಅಡ್ಡಿಗಳು. ರಾಷ್ಟ್ರ ಹುಟ್ಟಿದ ದಿನಕ್ಕೆ ನನ್ನ ಸಿಲಬಸ್ ಮುಗಿಯುತ್ತದೆ" ಎನ್ನುತ್ತಿದ್ದರು.

ಆದರೆ ಸಿಲಬಸ್ ಒಮ್ಮೆಯೂ ಮುಗಿದಿರಲಿಲ್ಲ. ಬಾಡಿಗೆದಾರರ ಸಂಘದ ಕಾನೂನಿನಂತೆ ಐದು ಜನ ಇದ್ದರೆ ಮಾತ್ರ ಆ ಕೊಠಡಿ. ಪ್ರತಿ ವರ್ಷ ಎಲೆ ಉದುರುವಾಗ ಕೂಟ ಶುರುವಾಗುತ್ತಿತ್ತು, ಹಿಮ ಕರಗುವ ಮೊದಲು ಯಾರೋ ಸಿಟ್ಟಾಗಿ ಎದ್ದು ಹೋಗಿ ಐದು ನಾಲ್ಕಾಗುತ್ತಿತ್ತು. ಅಲ್ಲಿಗೆ ಬೀಗ. ಆ ವರ್ಷವಂತೂ ಗಾಜಾದಲ್ಲಿ ದೊಡ್ಡ ಯುದ್ಧ ಶುರುವಾಗಿತ್ತು. ಮೊದಲ ವಾರವೇ ಇಬ್ಬರು ಎದ್ದು ಹೋಗಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಮೇಷ್ಟ್ರು ಆ ರಾಷ್ಟ್ರದ ಬಗ್ಗೆ ಬಹಳ ಕಟುವಾಗಿ ಮಾತಾಡುತ್ತಾರೆ ಎಂದು. ಇನ್ನೊಬ್ಬರು ಪಿಯಾನೋ ಶ್ರುತಿ ಮಾಡುವವರು, ಮೇಷ್ಟ್ರು ಬಹಳ ಮೆತ್ತಗೆ ಮಾತಾಡುತ್ತಾರೆ ಎಂದು. ಇಬ್ಬರೂ ಯಹೂದಿಗಳೇ, ಇಬ್ಬರೂ ಮೇಷ್ಟ್ರ ಹಳೆಯ ಗೆಳೆಯರೇ. ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಟು, ಮೊದಲು ಯಾರು ದಾಟಬೇಕು ಎಂಬುದಕ್ಕೂ ಜಗಳವಾಡಿದರಂತೆ.

ಅದನ್ನು ಕಂಡು ಐದನೆಯವರೂ ಬರುವುದು ಬಿಟ್ಟರು. ಉಳಿದವರು ಮೇಷ್ಟ್ರು ಮತ್ತು ಗುನಿಲ್ಲಾ. ಈಕೆ ಸಂಘದ ಪರವಾಗಿ ಕೊಠಡಿಯ ಕೀಲಿ ಇಟ್ಟುಕೊಂಡಿದ್ದ ಹೆಂಗಸು. ಬಾಗಿಲಲ್ಲಿ ನಿಂತು ತಲೆ ಎಣಿಸಿ, ಐದಾದರೆ ಬೀಗ ತೆಗೆದು, ತಾನೂ ಒಂದು ತಲೆಯಾಗಿ ಮೂಲೆಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಪಾಠದ ಬಗ್ಗೆ ಒಂದು ಮಾತನ್ನೂ ಆಡಿದವಳಲ್ಲ.

"ಒಂದೇ ಒಂದು ಸಲ ಕೊನೆಯ ಮಂಗಳವಾರ ನೋಡಬೇಕು" ಎಂದರು ಮೇಷ್ಟ್ರು, ಮಡಿಚಿದ ಅಂಗಿಗಳನ್ನು ಎದೆಗೆ ಒತ್ತಿಕೊಂಡು. "ಈಗಲೂ ಮುಗಿಸದೆ ಬಿಟ್ಟರೆ ಅದು ಹೇಡಿತನ."

ಬಟ್ಟೆ ಮುಟ್ಟಿದ ತಪ್ಪಿಗೆ ನಾನು ಹೂಂ ಎಂದೆ.

ನಮ್ಮವರು ಕೇಳಿ ಹಣೆ ಚಚ್ಚಿಕೊಂಡರು. "ಲೇ, ಆಫೀಸಲ್ಲಿ ಈ ಟಾಪಿಕ್ ಬಂದ್ರೆ ಇಡೀ ಟೀಮ್ ಕಾಫಿ ಮಷೀನ್ ಕಡೆ ಓಡುತ್ತೆ. ನೀನು ನೋಡಿದ್ರೆ ಜಗಳಕ್ಕೆ ಮುಂಗಡ ಸೀಟ್ ಬುಕ್ ಮಾಡ್ಕೊಂಡು ಬಂದಿದ್ದೀಯಲ್ಲ!"

"ರೀ, ನಿಮ್ಮದೂ ಬುಕ್ ಮಾಡಿದ್ದೀನಿ" ಎಂದೆ.

ಇನ್ನೂ ಒಬ್ಬರು ಬೇಕಿತ್ತು. ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಹೇಳಿದೆ. ಎಲ್ಲರೂ "ಅಯ್ಯೋ, ಖಂಡಿತ ಬರ್ತೀವಿ" ಎಂದರು. ನಾನು ಹಾಗೆಯೇ ವರದಿ ಮಾಡಿದೆ. ಮೇಷ್ಟ್ರು ಖುಷಿಯಾಗಿ ಗೋಡೆಯ ತುದಿಯವರೆಗೂ ಕುರ್ಚಿ ಹಾಕಿಸಿ, ಬೇಕರಿಯಿಂದ ಒಂದು ದೊಡ್ಡ ಚೀಲ ಬನ್ನು ತಂದಿಟ್ಟರು. ಒಬ್ಬರೂ ಬರಲಿಲ್ಲ. ನಮ್ಮಲ್ಲಿ 'ಖಂಡಿತ ಬರ್ತೀವಿ' ಎಂದರೆ 'ಕರೆದಿದ್ದಕ್ಕೆ ಸಂತೋಷ' ಎಂದಷ್ಟೇ ಅರ್ಥ, ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾಚುತ್ತಲೇ ವಿವರಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ, ಬದಲಿಗೆ ಕಣ್ಣು ಅರಳಿತು. "ಇದಕ್ಕೆ ನನ್ನ ಕಸುಬಿನಲ್ಲಿ ಮಹಾಶಕ್ತಿಗಳ, ಅಂದರೆ ದೊಡ್ಡ ದೇಶಗಳ, ಆಶ್ವಾಸನೆ ಎನ್ನುತ್ತೇವೆ. ಕೇಳಿದವನು ಕುರ್ಚಿ ಹಾಕಿಸುತ್ತಾನೆ. ಹೇಳಿದವನು ಮರೆತಿರುತ್ತಾನೆ" ಎಂದರು. ಆ ಬನ್ನುಗಳನ್ನು ನಾವು ಎಷ್ಟೋ ದಿನ ತಿಂದೆವು.

ಕೊನೆಗೆ ಐದನೆಯವರಾಗಿ ಸಿಕ್ಕವರು ಇಮ್ತಿಯಾಜ್. ಹುಬ್ಬಳ್ಳಿಯವರು, ನಮ್ಮವರ ಆಫೀಸಿನಲ್ಲೇ ಇಂಜಿನಿಯರು, ಪಕ್ಕದ ಕಟ್ಟಡದಲ್ಲೇ ಮನೆ. ಅವರ ಮಗಳೂ ನಮ್ಮ ಮಗಳೂ ಒಂದೇ ಡಾಗಿಸ್‌ಗೆ, ಎಂದರೆ ಶಿಶುವಿಹಾರಕ್ಕೆ, ಹೋದವರು. ಮೊದಲು ಅವರು ಒಪ್ಪಲಿಲ್ಲ. "ಮೇಡಂ, ಟಿವಿಯಲ್ಲಿ ಗಾಜಾ ನೋಡಿದ್ರೆ ನನಗೆ ಊಟ ಸೇರಲ್ಲ. ಅಲ್ಲಿ ಬಂದು ಆ ದೇಶ ಹೆಂಗಾಯ್ತು ಅಂತ ಕೇಳ್ಕೊಂಡು ಕೂರ್ಲಾ?"

"ದೇಶ ಆಗೋದಕ್ಕೆ ಏನೇನು ಅಡ್ಡಿ ಬಂತು ಅಂತ ಹೇಳ್ತಾರಂತೆ" ಎಂದೆ.

"ಹಂಗಾ? ಅದಾದ್ರೆ ಕೇಳಬಹುದು" ಎಂದರು.

ಹೀಗೆ ಒಬ್ಬರು ಬಟ್ಟೆ ಮಡಿಚಿದ ತಪ್ಪಿಗೆ, ಒಬ್ಬರು ಹೆಂಡತಿಯ ಕಾಟಕ್ಕೆ, ಒಬ್ಬರು ಅಡ್ಡಿಗಳ ಮೇಲಿನ ಪ್ರೀತಿಗೆ ಸೇರಿ ಐದಾದೆವು. ಗುನಿಲ್ಲಾ ಬಾಗಿಲಲ್ಲಿ ತಲೆ ಎಣಿಸಿ ಬೀಗ ತೆಗೆದಳು.

ಮೊದಲ ಪಾಠ ಸುಲ್ತಾನನದು. ವಿಯೆನ್ನಾದ ಒಬ್ಬ ಗಡ್ಡದ ಪತ್ರಕರ್ತ, ನಮ್ಮ ಜನಕ್ಕೆ ಒಂದು ನೆಲ ಕೊಡಿ ಎಂದು ತುರ್ಕಿಯ ಸುಲ್ತಾನನ ಊರಿಗೆ ಹೋದನಂತೆ. ಈ ಪಡಸಾಲೆಯಲ್ಲಿ ಕಾಯಿಸಿ, ಆ ಪಡಸಾಲೆಯಲ್ಲಿ ಕೂರಿಸಿ, ಕೊನೆಗೆ ನೆಲ ಕೊಡದೆ ಒಂದು ಪದಕ ಕೊಟ್ಟು ಕಳಿಸಿದರಂತೆ. ನಮ್ಮವರು ಅಲ್ಲಿಯವರೆಗೆ ಫೋನ್ ನೋಡುತ್ತಿದ್ದವರು ತಲೆಯೆತ್ತಿ, "ನಮ್ಮಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡ್ತಾರೆ ಮೇಷ್ಟ್ರೇ. ಆಮೇಲೆ ಆ ಮನುಷ್ಯ ಮತ್ತೆ ಬಾಯಿ ಬಿಡಲ್ಲ" ಎಂದರು. ಮೇಷ್ಟ್ರು ಪಾಠ ನಿಲ್ಲಿಸಿ ಆ ಶಾಲಿನ ವಿಚಾರ ಪೂರ್ತಿ ಕೇಳಿ ತಿಳಿದುಕೊಂಡರು. ಅದನ್ನು ವಾಪಸು ಕೊಡಬಹುದೇ? ಬೇಡ ಎಂದರೆ ಏನಾಗುತ್ತದೆ? ಮುಂದಿನ ವಾರದಿಂದ ಅವರ ಪಾಠದಲ್ಲಿ ಸುಲ್ತಾನ ಶಾಲು ಹೊದಿಸಲು ಶುರು ಮಾಡಿದ.

ಯಹೂದಿಗಳು ಕೇಳಿದ ನೆಲ ಬಿಟ್ಟು ಬ್ರಿಟಿಷರು ಪೂರ್ವ ಆಫ್ರಿಕಾದಲ್ಲಿ ಒಂದಿಷ್ಟು ಜಾಗ ತೋರಿಸಿದ್ದು ನಮಗೆ ವಿವರಿಸಬೇಕಾಗಿಯೇ ಬರಲಿಲ್ಲ. "ಆಲ್ಟರ್ನೇಟ್ ಸೈಟ್!" ಎಂದು ಇಬ್ಬರು ಗಂಡಸರೂ ಒಟ್ಟಿಗೆ ಕೂಗಿದರು. ಬೆಂಗಳೂರಲ್ಲಿ ಲೇಔಟಿಗೆ ಅರ್ಜಿ ಹಾಕಿದ ಯಾರಿಗೂ ಅದು ಹೊಸದಲ್ಲ. ಆ ಜಾಗದ ವಿಷಯಕ್ಕೆ ಯಹೂದಿಗಳ ಮಹಾಸಭೆಯೇ ಒಡೆದು, ದೊಡ್ಡ ದೊಡ್ಡವರೆಲ್ಲ ನೆಲದ ಮೇಲೆ ಕೂತು ಅತ್ತರು ಎಂದು ಮೇಷ್ಟ್ರು ಹೇಳಿದಾಗ ಮಾತ್ರ ನಗು ನಿಂತಿತು. ಸಾಯುವ ಭಯದಲ್ಲಿ ಓಡುತ್ತಿದ್ದವರಿಗೆ ಎಲ್ಲಾದರೂ ಸರಿ ಎನ್ನುವವರು ಒಂದು ಕಡೆ, ಅದೇ ನೆಲ ಬೇಕು ಎನ್ನುವವರು ಇನ್ನೊಂದು ಕಡೆ.

ಹೊರಗಿನ ಅಡ್ಡಿಗಿಂತ ಒಳಗಿನದು ಅವರಿಗೆ ಹೆಚ್ಚು ಇಷ್ಟ. ದೇವರು ಕಳಿಸುವ ಉದ್ಧಾರಕ ಬರುವ ಮೊದಲೇ ರಾಷ್ಟ್ರ ಕಟ್ಟುವುದು ಅಧಿಕಪ್ರಸಂಗ ಎನ್ನುವ ಕರ್ಮಠರು. ನಾವಿಲ್ಲಿ ದೊಡ್ಡ ಮನುಷ್ಯರಾಗಿ ಬಾಳುತ್ತಿದ್ದೇವೆ, ನಮ್ಮ ಮರ್ಯಾದೆ ಕಳೆಯಬೇಡಿ ಎನ್ನುವ ಸಾಹುಕಾರರು. ಇನ್ನೂ ಹುಟ್ಟದ ದೇಶದ ಒಂದು ಟೆಕ್ನಿಕಲ್ ಶಾಲೆಯಲ್ಲಿ ಯಾವ ಭಾಷೆಯಲ್ಲಿ ಪಾಠ ಮಾಡಬೇಕೆಂದು ಮುಷ್ಕರ. "ನೀವು ಎಷ್ಟು ಕನ್ನಡ ಸಂಘ ಇಟ್ಟುಕೊಂಡಿದ್ದೀರಿ?" ಎಂದು ಒಮ್ಮೆ ಕೇಳಿದರು.

ನಮ್ಮವರು ಇಮ್ತಿಯಾಜ್ ಮುಖ ನೋಡಿದರು. "ನಮ್ಮ ಏರಿಯಾದಲ್ಲಿ ಎರಡೂವರೆ."

"ಅರ್ಧ ಯಾವುದು?"

"ಅದು ವಾಟ್ಸಾಪ್ ಗ್ರೂಪ್ ಮಾತ್ರ. ಅಡ್ಮಿನ್ನೇ ರಾಜೀನಾಮೆ ಕೊಟ್ಟಿದ್ದಾರೆ."

ಮೇಷ್ಟ್ರು ಎದ್ದು ಬಂದು ನಮ್ಮವರ ಕೈ ಕುಲುಕಿದರು. ಎಷ್ಟೋ ವರ್ಷದ ಮೇಲೆ ಸ್ವಂತ ಊರಿನವರು ಸಿಕ್ಕಂತೆ ಅವರಿಗೆ ಸಂತೋಷವಾಗಿತ್ತು.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಕಿವಿ ಮಂದ, ಯಂತ್ರ ಹಾಕುತ್ತಿದ್ದರು. ಯಾವುದಾದರೂ ಮಾತಿಗೆ ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸತೊಡಗಿದರೆ, ಎರಡೂ ಕಿವಿಯ ಯಂತ್ರ ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. "ಎಲ್ಲರೂ ಒಪ್ಪಿದ ಮೇಲೆ ಕೇಳಲು ಏನಿದೆ?" ಯಾರಾದರೂ "ಆದರೆ" ಎಂದ ಗಳಿಗೆ, ತುಟಿ ನೋಡಿಯೇ ತಿಳಿದು, ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇದು ಮನೆತನದ ಚಾಳಿಯಂತೆ. ಅವರ ಅಪ್ಪ ದರ್ಜಿ, ಪೋಲೆಂಡಿನವನು, ಇದ್ದ ಊರಿನಲ್ಲೇ ಇದ್ದು ಹಕ್ಕುಗಳಿಗಾಗಿ ಹೋರಾಡಬೇಕು ಎನ್ನುವ ಕಾರ್ಮಿಕ ಪಕ್ಷದವನು. ಅಮ್ಮ, ನಮ್ಮದೇ ದೇಶವಿಲ್ಲದೆ ನಮಗೆ ಉಳಿವಿಲ್ಲ ಎನ್ನುವವಳು. ಇಬ್ಬರೂ ಯಹೂದಿಗಳ ನರಮೇಧದಲ್ಲಿ ತಮ್ಮವರೆಲ್ಲರನ್ನೂ ಕಳೆದುಕೊಂಡು ಸ್ವೀಡನ್ನಿಗೆ ಬಂದು ಮದುವೆಯಾದವರು. ಊಟದ ಮೇಜಿನಲ್ಲಿ ಅವರಿಬ್ಬರ ನಡುವೆ ಒಂದು ಒಪ್ಪಂದ. ಕಥೆಯನ್ನು ರಾಷ್ಟ್ರ ಹುಟ್ಟುವವರೆಗೆ ಮಾತ್ರ ಹೇಳಬಹುದು, ಆಮೇಲಿನದು ಎತ್ತಿದರೆ ಒಬ್ಬರಲ್ಲ ಒಬ್ಬರು ತಟ್ಟೆ ಬಿಟ್ಟು ಏಳುತ್ತಿದ್ದರು. "ಹಾಗಾಗಿ ಮುಂದಿನ ಅಧ್ಯಾಯ ನನಗೆ ಯಾರೂ ಹೇಳಿಕೊಡಲೇ ಇಲ್ಲ" ಎಂದು ಮೇಷ್ಟ್ರು ನಗುತ್ತಿದ್ದರು. ತಂಗಿಯೊಬ್ಬಳು ಇಪ್ಪತ್ತರ ವಯಸ್ಸಿಗೇ ಆ ದೇಶಕ್ಕೆ ಹೋಗಿ ಹೈಫಾದಲ್ಲಿ ನೆಲೆಸಿದ್ದಳು. ಪ್ರತಿ ಶುಕ್ರವಾರ ಅಣ್ಣತಂಗಿ ಫೋನಿನಲ್ಲಿ ಜಗಳವಾಡುವುದು ನಮ್ಮ ಮೂರನೆಯ ಮಹಡಿಗೂ ಕೇಳುತ್ತಿತ್ತು.

ನನ್ನ ಮೇಲೆ ಅವರಿಗೆ ವಿಶೇಷ ವಿಶ್ವಾಸ. ಹೇಳಿಕೊಂಡವರಲ್ಲ. ಆದರೆ ಅವತ್ತಿನಿಂದ ನನ್ನ ಸರದಿಯ ಹಿಂದಿನ ಹೊತ್ತನ್ನೇ ಹಿಡಿದು, ಒಣಗಿದ ಅಂಗಿಗಳನ್ನು ಯಂತ್ರದಲ್ಲೇ 'ಮರೆತು' ಹೋಗುತ್ತಿದ್ದರು. ಇಂಥ ಕ್ರಮಬದ್ಧ ಮರೆವನ್ನು ನಾನು ಎಲ್ಲೂ ಕಂಡಿಲ್ಲ. ನಾನು ಮಡಿಚಿ ಅವರ ಬಾಗಿಲಿಗೆ ಒಯ್ದು ಕೊಟ್ಟರೆ, "ಓ, ಅಲ್ಲೇ ಬಿಟ್ಟಿದ್ದೆನೇ?" ಎಂದು ಆಶ್ಚರ್ಯ ನಟಿಸುತ್ತಿದ್ದರು. ನಟನೆ ಮಾತ್ರ ಬಹಳ ಕೆಟ್ಟದು.

ಜನವರಿಯಲ್ಲಿ ಕೂಟ ಮುರಿಯುವ ಹಂತಕ್ಕೆ ಬಂತು. ಅವತ್ತಿನ ಪಾಠ, ಒಂದೇ ನೆಲವನ್ನು ಬ್ರಿಟಿಷರು ಬೇರೆ ಬೇರೆಯವರಿಗೆ ಬೇರೆ ಬೇರೆ ಮಾತಿನಲ್ಲಿ ಕೊಡುತ್ತೇವೆ ಎಂದದ್ದು. ನಮ್ಮವರು ಎಂದಿನಂತೆ, "ಡಬಲ್ ರಿಜಿಸ್ಟ್ರೇಷನ್" ಎಂದರು. ಇಮ್ತಿಯಾಜ್ ನಗಲಿಲ್ಲ. ನಮ್ಮೆದುರು ಅವರು ಬೆಂಗಳೂರು ಕನ್ನಡವನ್ನೇ ಆಡುವವರು. ಅವತ್ತು ಹುಬ್ಬಳ್ಳಿ ಹೊರಬಂತು. "ಅಲ್ರೀ, ಆ ಸೈಟಿನಾಗ ಮೊದ್ಲಿಂದ ಮನಿ ಕಟ್ಕೊಂಡು, ಗಿಡ ಹಚ್ಕೊಂಡು ಇದ್ದಾರಲ್ಲ, ಅವರು ಎಷ್ಟನೇ ನಂಬರಿನ ಅಡ್ಡಿ? ಕೇಳ್ರಿ ಅವರ್ನ."

ನಾನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಮೇಷ್ಟ್ರು ಕುರ್ಚಿ ಎಳೆದು ಇಮ್ತಿಯಾಜ್ ಕಡೆಗೆ ತಿರುಗಿ ಕೂತರು.

"ಅವರನ್ನು ನಾನು ಅಡ್ಡಿ ಎಂದು ಲೆಕ್ಕ ಹಾಕುವುದಿಲ್ಲ. ಅವರು ಜನ" ಎಂದರು. ಆಮೇಲೆ, "ಎಲ್ಲ ಬಂದರುಗಳೂ ಬಾಗಿಲು ಹಾಕಿಕೊಂಡ ಮೇಲೆ ಅಲ್ಲಿಗೆ ಓಡಿ ಬಂದವರೂ ಜನ. ನನ್ನ ಸೋದರಮಾವನಿಗೆ ಆ ಬಾಗಿಲೂ ತೆರೆಯಲಿಲ್ಲ" ಎಂದರು.

ಡಾಕ್ಟರು ಎದ್ದು ಹೋದದ್ದು ಇವುಗಳಲ್ಲಿ ಮೊದಲ ಮಾತಿಗೆ, ಪಿಯಾನೋದವರು ಎದ್ದು ಹೋದದ್ದು ಎರಡನೆಯದಕ್ಕೆ ಎಂದು ನನಗೆ ಆಗ ತಿಳಿಯಿತು. ಇಮ್ತಿಯಾಜ್ ಎದ್ದದ್ದು ಎರಡಕ್ಕೂ ಸೇರಿ. "ಎರಡೂ ಒಂದೇ ಉಸಿರಿನಾಗ ಹೇಳಿ ಮುಗಿಸಿಬಿಡ್ತೀರಿ. ಸತ್ತವರು ಹಂಗ ಮುಗಿಯಂಗಿಲ್ರೀ" ಎಂದು ಕೋಟು ಹಾಕಿಕೊಂಡು ಹೊರಟರು. ಗುನಿಲ್ಲಾ ಹೆಣಿಗೆಯಿಂದ ತಲೆಯೆತ್ತಿ ನಮ್ಮನ್ನು ಎಣಿಸಿದಳು. ನಾಲ್ಕು.

ಮರುದಿನ ಮೇಷ್ಟ್ರು ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿ ಇಮ್ತಿಯಾಜ್ ಮನೆಯ ಬಾಗಿಲು ತಟ್ಟಿದರಂತೆ. ಒಳಗೆ ಬನ್ನಿ ಎನ್ನುವ ಮೊದಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರಂತೆ.

"ನಂಬರಿಗೋಸ್ಕರ ಕರೆಯೋಕೆ ಬಂದಿದ್ದೀರಾ?" ಎಂದು ಇಮ್ತಿಯಾಜ್ ಕೇಳಿದ್ದಕ್ಕೆ, "ನಂಬರಿಗೂ ಹೌದು. ಸುಳ್ಳು ಯಾಕೆ ಹೇಳಲಿ, ನನಗೆ ಕೊನೆಯ ಮಂಗಳವಾರ ಬೇಕು. ಆದರೆ ನೀವಿಲ್ಲದಿದ್ದರೆ ಉಳಿದವರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಅದು ಪಾಠವಲ್ಲ, ಪ್ರಾರ್ಥನೆ" ಎಂದರಂತೆ. ಇಮ್ತಿಯಾಜ್ ಒಂದು ಷರತ್ತು ಹಾಕಿದರು. ಮುಂದಿನ ವಾರ ಅರ್ಧ ಗಂಟೆ ತಾವೇ ಮಾತಾಡಬೇಕು, ಮೇಷ್ಟ್ರು ನಡುವೆ ಬಾಯಿ ಹಾಕಬಾರದು. ಇಮ್ತಿಯಾಜ್ ಅವತ್ತು ಊರು ಕಳೆದುಕೊಂಡ ಜನರ ಬಗ್ಗೆ, ಬೀಗ ಹಾಕಿ ಬಂದ ಮನೆಗಳ ಬಗ್ಗೆ ಓದಿಕೊಂಡು ಬಂದು ಮಾತಾಡಿದರು. ಮೇಷ್ಟ್ರು ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡು, ಕೆಂಪಗಾಗಿ, ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರು. ಕಿವಿಯ ಯಂತ್ರ ಕಿವಿಯಲ್ಲೇ ಇತ್ತು. ಮುಗಿದ ಮೇಲೆ ತಮ್ಮ ಬನ್ನನ್ನು ಇಮ್ತಿಯಾಜ್ ತಟ್ಟೆಗೆ ಹಾಕಿದರು.

ಹಿಮ ಕರಗತೊಡಗಿತು, ನಾವಿನ್ನೂ ಐದು ಜನ ಇದ್ದೆವು. ಮೇಷ್ಟ್ರ ನಡಿಗೆಯೇ ಬೇರೆಯಾಯಿತು. ಕೊನೆಯ ಮಂಗಳವಾರಕ್ಕೆ ಅತಿಥಿ ಉಪನ್ಯಾಸಕರು ಬರುತ್ತಾರೆ, ಮುಂದಿನ ಅಧ್ಯಾಯ ಅವರೇ ಹೇಳುತ್ತಾರೆ ಎಂದರು. ಯಾರು ಎಂದರೆ, "ಬಹಳ ಕಷ್ಟದ ಮನುಷ್ಯ. ತಯಾರಾಗಿ ಬನ್ನಿ" ಎಂದಷ್ಟೇ ಹೇಳಿದರು. ನಾನು ಅವತ್ತಿಗೆ ಮಂಡಕ್ಕಿ ಒಗ್ಗರಣೆ ಮಾಡಿ ತರುವುದೆಂದು ಮಾತಾಯಿತು.

ಅದರ ಹಿಂದಿನ ವಾರ ಒಂದು ಬೆಳಿಗ್ಗೆ ನನ್ನ ಸರದಿಗೆ ಹೋದಾಗ ಯಂತ್ರದಲ್ಲಿ ಹಿಂದಿನ ರಾತ್ರಿ ಹಾಕಿದ್ದ ಅಂಗಿಗಳು ಎಂದಿನಂತೆ ಕಾಯುತ್ತಿದ್ದವು. ಮಡಿಚಿ ಒಯ್ದು ಬಾಗಿಲು ತಟ್ಟಿದೆ. ತೆರೆದದ್ದು ಮನೆಗೆ ಬಂದು ವಯಸ್ಸಾದವರನ್ನು ನೋಡಿಕೊಳ್ಳುವ ಕೊಮ್ಯೂನಿನ, ಎಂದರೆ ಇಲ್ಲಿಯ ನಗರಸಭೆಯ, ಹುಡುಗಿ. ಅತ್ತು ಮೂಗು ಕೆಂಪಾಗಿತ್ತು. ಅವಳು ಬೆಳಿಗ್ಗೆ ಬಂದಾಗ ಮೇಷ್ಟ್ರು ಕುರ್ಚಿಯಲ್ಲೇ ತೀರಿಹೋಗಿದ್ದರು. ನಾನು ಅಂಗಿಗಳನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರ ಆ ಕೆಟ್ಟ ನಟನೆಯನ್ನು ಇನ್ನೊಂದೇ ಒಂದು ಸಲ ನೋಡಬೇಕು ಎಂದು ಬಹಳ ಅನ್ನಿಸಿತು.

ಮಣ್ಣು ಮಾಡಿದ್ದು ಮಂಗಳವಾರ ಬೆಳಿಗ್ಗೆ, ಅದೇ ಕೊನೆಯ ಮಂಗಳವಾರ. ಹೈಫಾದ ತಂಗಿ ಬಂದಿದ್ದರು. ಅಣ್ಣನದೇ ಮೂಗು, ಅದೇ ಸಿಡುಕು, ಕಿವಿಯಲ್ಲಿ ಅದೇ ಥರದ ಯಂತ್ರ. ನಾವು ಕನ್ನಡದವರು ಹತ್ತಾರು ಮಂದಿ, ಖಂಡಿತ ಬರ್ತೀವಿ ಎಂದು ಬಾರದವರು ಕೂಡ, ಮಕ್ಕಳುಮರಿ ಸಮೇತ ಸ್ಮಶಾನದ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದೆವು. ಜೀವನದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿದ್ದೆವು.

ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಯಹೂದಿಗಳು ಬೇಕಂತೆ. ಜನರನ್ನು ಒಂದು ಎರಡು ಎಂದು ಎಣಿಸಬಾರದಂತೆ. ಅದಕ್ಕೆ ಪ್ರಾರ್ಥನೆ ನಡೆಸುವ ಮುದುಕರು ಹತ್ತು ಪದಗಳ ಒಂದು ವಾಕ್ಯವನ್ನು ಒಬ್ಬೊಬ್ಬರ ಮುಖ ನೋಡಿ ಒಂದೊಂದೇ ಪದವಾಗಿ ಹೇಳುತ್ತ ಬಂದರು. ನಮ್ಮ ಸಾಲನ್ನು ಗೌರವದಿಂದ ದಾಟಿಕೊಂಡು ಹೋದರು. ಎಂಟನೆಯ ಪದಕ್ಕೆ ಮುಖ ಮುಗಿದವು. ವಾಕ್ಯ ಅಲ್ಲೇ ನಿಂತಿತು.

"ನಮ್ಮೂರಿನ ದೇವಾಲಯದಲ್ಲಿ ನನ್ನನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ" ಎಂದರು ತಂಗಿ.

"ಹೆಂಗಸರನ್ನು ಹಿಡಿಯುವುದೋ ಬಿಡುವುದೋ, ಇಲ್ಲಿ ಅದು ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ" ಎಂದರು ಮುದುಕರು.

"ನಾನಂತೂ ಒಪ್ಪುವುದಿಲ್ಲ" ಎಂದರು ಎಂಟರಲ್ಲಿ ಒಬ್ಬರು. "ನಾನು ಒಪ್ಪುತ್ತೇನೆ" ಎಂದರು ಇನ್ನೊಬ್ಬರು. "ಒಪ್ಪಿದರೂ ಒಂಬತ್ತೇ ಅಲ್ಲವೇ?" ಎಂದರು ಮತ್ತೊಬ್ಬರು. ಶವಪೆಟ್ಟಿಗೆಯ ಎದುರಿಗೇ ಚರ್ಚೆ ಶುರುವಾಯಿತು. ನಮ್ಮವರು ನನ್ನ ಕಿವಿಯಲ್ಲಿ, "ಲೇ, ಮೇಷ್ಟ್ರು ಎದ್ದು ಬರ್ತಾರೆ ನೋಡು" ಎಂದರು. ನಗುವೂ ಅಳುವೂ ಒಟ್ಟಿಗೆ ಬಂದು ನಾನು ಹೊರಗೆ ಓಡಿದೆ.

ಹೊರಗೆ ಓಡಿದ್ದೇ ಒಳ್ಳೆಯದಾಯಿತು. ಆ ಹಲ್ಲಿನ ಡಾಕ್ಟರು ನನಗೂ ಡಾಕ್ಟರೇ, ಅವರ ನಂಬರು ಫೋನಿನಲ್ಲಿತ್ತು. "ಅವನ ಪಾಠ ಬಿಟ್ಟು ಬಂದಾಗಲೇ, ಅವನೊಂದಿಗೆ ಒಂದೇ ಸೂರಿನಡಿ ಕೂರುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ" ಎಂದರು. "ಕೂರಬೇಡಿ ಡಾಕ್ಟ್ರೇ, ಇಲ್ಲಿ ಎಲ್ಲರೂ ನಿಂತೇ ಇದ್ದಾರೆ" ಎಂದೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಪಿಯಾನೋದವರ ಮನೆ ಗುನಿಲ್ಲಾಗೆ ಗೊತ್ತಿತ್ತು. ಇಮ್ತಿಯಾಜ್ ಅವಳನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ, ಸ್ವೆಟರಿನಲ್ಲೇ ಇದ್ದ ಆ ಮನುಷ್ಯನನ್ನು ಕರೆತಂದರು. ಬಾಗಿಲಲ್ಲಿ ಅವರೂ ಡಾಕ್ಟರೂ ಎದುರಾದರು.

"ಇವನಿದ್ದರೆ ನಾನಿಲ್ಲ" ಎಂದರು ಒಬ್ಬರು.

"ಅದೇ ನನ್ನ ಮಾತೂ" ಎಂದರು ಇನ್ನೊಬ್ಬರು.

ತಂಗಿ ಬಂದು ಇಬ್ಬರ ತೋಳನ್ನೂ ಹಿಡಿದರು. "ಒಳ್ಳೆಯದು, ಒಂದು ವಿಷಯಕ್ಕಾದರೂ ಒಪ್ಪಿದಿರಿ. ಈಗ ನಮ್ಮಣ್ಣನ ಎಡಕ್ಕೊಬ್ಬರು, ಬಲಕ್ಕೊಬ್ಬರು ನಿಲ್ಲಿ" ಎಂದು ಒಳಗೆ ಎಳೆದೊಯ್ದರು. ಮುದುಕರು ಮತ್ತೆ ಮೊದಲಿನಿಂದ ವಾಕ್ಯ ಶುರು ಮಾಡಿದರು. ಈ ಸಲ ಅದು ಮುಗಿಯಿತು. ಇಮ್ತಿಯಾಜ್ ನನ್ನ ಪಕ್ಕದಲ್ಲಿ ಅಂಗೈ ತೆರೆದು ಹಿಡಿದು ತಮ್ಮ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು.

ಹೊರಗೆ ಬಂದ ಮೇಲೆ ತಂಗಿ ನನ್ನನ್ನು ಹುಡುಕಿಕೊಂಡು ಬಂದು, "ಸಂಜೆ ಎಷ್ಟು ಗಂಟೆಗೆ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಪಾಠ. ನನಗೆ ಅವನು ಟಿಕೆಟ್ ತೆಗೆಸಿದ್ದು ಅದಕ್ಕಾಗಿಯೇ. 'ಆಮೇಲಿನದು ನನಗೆ ಗೊತ್ತಿಲ್ಲ, ಅಲ್ಲಿ ಬದುಕಿದವಳು ನೀನು, ಬಂದು ಹೇಳು. ಇಲ್ಲಿಯ ಇಂಜಿನಿಯರೊಬ್ಬರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ' ಅಂದಿದ್ದ. ನಾನು ಒಪ್ಪಿಕೊಂಡಿದ್ದೇನೆ. ನಾನು ಮಹಾಶಕ್ತಿ ಅಲ್ಲ, ಒಪ್ಪಿದರೆ ಬರುತ್ತೇನೆ."

ಅವತ್ತು ಸಂಜೆ ಗುನಿಲ್ಲಾ ಬಾಗಿಲಲ್ಲಿ ತಲೆ ಎಣಿಸಲಿಲ್ಲ. ಡಾಕ್ಟರು ಬಂದಿದ್ದರು, ಪಿಯಾನೋದವರೂ ಬಂದಿದ್ದರು, ಕೊಠಡಿಯ ಎರಡು ತುದಿಗೆ ಕೂತಿದ್ದರು. ನಾನು ಕಣ್ಣೀರು ಒರೆಸಿಕೊಂಡು ಒಗ್ಗರಣೆ ಹಾಕಿದ ಮಂಡಕ್ಕಿ ಮೇಜಿನ ಮೇಲಿತ್ತು, ಸ್ವಲ್ಪ ಉಪ್ಪಾಗಿತ್ತು. ತಂಗಿ ಅಣ್ಣನ ಕುರ್ಚಿಯಲ್ಲಿ ಕೂತು ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ಅವನು ಎಲ್ಲಿಂದ ಶುರು ಮಾಡಿದ್ದ?"

"ಸುಲ್ತಾನನಿಂದ. ಶಾಲು ಹೊದಿಸಿದ್ದು" ಎಂದರು ನಮ್ಮವರು.

"ತಪ್ಪು" ಎಂದರು ತಂಗಿ. "ಶುರುವಿನಿಂದಲೇ ತಪ್ಪು. ಮೊದಲು ಅದನ್ನು ಸರಿ ಮಾಡೋಣ."

ಅಷ್ಟೇ ಸಾಕಾಯಿತು. ಡಾಕ್ಟರು "ಸರಿಯಾಗಿ ಹೇಳಿದಿರಿ" ಎಂದರು, ಪಿಯಾನೋದವರು "ಆದರೆ" ಎಂದರು, ಇಮ್ತಿಯಾಜ್ ಇಬ್ಬರಿಗೂ "ಒಂದು ನಿಮಿಷ" ಎಂದರು. ಮಂಡಕ್ಕಿ ಖಾಲಿಯಾಯಿತು, ಕಾಫಿ ಎರಡು ಸಲ ಆಯಿತು. ಕೊಠಡಿ ಮುಚ್ಚುವ ಹೊತ್ತಾದಾಗ ನಾವಿನ್ನೂ ಸುಲ್ತಾನನ ಪಡಸಾಲೆಯಲ್ಲೇ ಕೂತಿದ್ದೆವು. ರಾಷ್ಟ್ರ ಬಹಳ ದೂರವಿತ್ತು.

ಗುನಿಲ್ಲಾ ಹೆಣಿಗೆ ಮಡಿಚಿ ಚೀಲಕ್ಕೆ ಹಾಕಿ ಎದ್ದು ನಿಂತಳು. ಕೀಲಿ ಗೊಂಚಲು ಕೈಯಲ್ಲಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದಳು: "ಹಾಗಾದರೆ ಮುಂದಿನ ಮಂಗಳವಾರವೂ ಸೇರೋಣವೇ?"

ಡಾಕ್ಟರು, ಪಿಯಾನೋದವರು, ಇಮ್ತಿಯಾಜ್, ನಮ್ಮವರು, ನಾನು, ಎಲ್ಲರೂ ಒಂದೇ ದನಿಯಲ್ಲಿ ಹೂಂ ಎಂದುಬಿಟ್ಟೆವು.

ತಂಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕಿವಿಗೆ ಕೈ ಹಾಕಿ, ಎರಡೂ ಯಂತ್ರಗಳನ್ನು ತೆಗೆದು, ಮೇಜಿನ ಮೇಲೆ ಇಟ್ಟರು.